ಸಣ್ಣ ಪ್ರಾಯದಲ್ಲಿ ಕೃತಕ ಕೀಲು

ಮೊಣಕಾಲಿನ ಕೀಲು ಬದಲಿಸುವುದೆಂದರೆ ಅರುವತ್ತು ದಾಟಿದ ಅಜ್ಜ-ಅಜ್ಜಿಯರ ವಿಷಯವೆಂದು ನಾವು ಸಾಮಾನ್ಯವಾಗಿ ಎಣಿಸಿಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ಆಲಂಕಾರು, ರಾಮಕುಂಜ, ಕಡಬದ ಕಡೆಯ ಯಾವುದಾದರೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯಾಕೆಗೆ ಮೂವತ್ತೆಂಟು ವರ್ಷ. ಬೆಳಗ್ಗೆ ಎದ್ದರೆ ಗಂಟೆಹೊತ್ತು ಬೆರಳು ಮಡಚಲಾಗದು. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕು. ಬೀಡಿ ಕಟ್ಟುವುದನ್ನು ಬಿಟ್ಟು ಎರಡು ವರ್ಷವಾಯಿತು. ಈಗ ಮೊಣಕಾಲು ಅರ್ಧ ಮಡಚಿದಲ್ಲಿಯೇ ನಿಂತುಬಿಟ್ಟಿದೆ. ಅಂಗಳದಿಂದ ತೋಟಕ್ಕಿಳಿಯುವ ನಾಲ್ಕು ಮೆಟ್ಟಿಲು ಗುಡ್ಡದಂತೆ ಕಾಣುತ್ತವೆ. ಮಂಗಳೂರಿನ ಡಾಕ್ಟರು "ಕೀಲು ಬದಲಿಸಬೇಕಾದೀತು" ಎಂದಾಗ ಮನೆಯವರೆಲ್ಲ ಕೇಳುವುದು ಒಂದೇ ಮಾತು: "ಇಷ್ಟು ಸಣ್ಣ ಪ್ರಾಯದಲ್ಲಿಯೆ?"

ಪ್ರಶ್ನೆ ಸಹಜವಾದುದೇ. ಉತ್ತರಕ್ಕೆ ಮೊದಲು ರೋಗವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಗಂಟುನೋವೆಲ್ಲ ಒಂದೇ ಅಲ್ಲ. ಮುದಿಪ್ರಾಯದಲ್ಲಿ ಬರುವುದು ಹೆಚ್ಚಾಗಿ ಸವೆತ. ಹಳೆಯ ಬಾಗಿಲಿನ ಬಿಜಾಗರಿ ಸವೆದಂತೆ. ರುಮಟಾಯ್ಡ್ ಸಂಧಿವಾತದ ರೀತಿ ಬೇರೆ. ಇಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಕೀಲಿನ ಒಳಪೊರೆಯನ್ನು ವೈರಿಯೆಂದು ಬಗೆದು ಕಾದಾಡುತ್ತದೆ. ಪೊರೆ ಊದಿಕೊಂಡು ಮೃದ್ವಸ್ಥಿಯನ್ನೂ ಎಲುಬನ್ನೂ ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ನೆಟ್ಟಗಿರುವ ಪಕಾಸನ್ನು ಗೆದ್ದಲು ತಿಂದಂತೆ ಎನ್ನೋಣ. ಈ ಹೆಸರನ್ನು 1859ರಲ್ಲಿ ಕೊಟ್ಟವನು ಲಂಡನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್. ನಮ್ಮ ಮಾಧವನಿದಾನದಲ್ಲಿ ಬರುವ ಆಮವಾತದ ವರ್ಣನೆಗೂ ಇದಕ್ಕೂ ಹೋಲಿಕೆಯನ್ನು ಕಂಡವರು ಅನೇಕರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ತೊಡಗುವುದು ಬಹಳ ಸಲ ದುಡಿಯುವ ಪ್ರಾಯದಲ್ಲಿಯೇ. ದಿಲ್ಲಿಯ ಸಮೀಪದ ಹಳ್ಳಿಗಳ ವಯಸ್ಕರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಒಂದು ಲೆಕ್ಕದಂತೆ, ಈ ರೋಗವಿದ್ದವರು ನೂರಕ್ಕೆ 0.75. ಅದೇ ಪ್ರಮಾಣ ನಮ್ಮಲ್ಲಿಯೂ ಇದ್ದರೆ, ನಾಲ್ಕು ಸಾವಿರ ವಯಸ್ಕರಿರುವ ಊರಿನಲ್ಲಿ 30 ಮಂದಿ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕುಂಟು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ಮನೆಮನೆಯಲ್ಲಿ ಜನ ಗಂಟು ಹಿಡಿದು ಮಲಗಿದರು. ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯಿತು. ಅಂದಿನಿಂದ ಯಾವ ಗಂಟು ಊದಿದರೂ "ಆ ಜ್ವರದ ಶೇಷ" ಎಂದು ತಳ್ಳಿಬಿಡುವುದು ಸುಲಭವಾಗಿದೆ. ಎರಡೂ ಕೈಗಳ ಸಣ್ಣ ಗಂಟುಗಳು ಆರು ವಾರ ಕಳೆದರೂ ಊದಿಕೊಂಡೇ ಇದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚಾಗಿದ್ದರೆ, ಅದನ್ನು ಜ್ವರದ ಲೆಕ್ಕಕ್ಕೆ ಬರೆಯಬೇಡಿ, ವೈದ್ಯರಿಗೆ ತೋರಿಸಿ. ಹೆಸರಿಲ್ಲದ ಪುಡಿಗಳನ್ನು ತಿಂದು ಎರಡೇ ದಿನಕ್ಕೆ ಹಾರಾಡುವಂತಾಯಿತೆಂದರೆ ಸಂತೋಷಕ್ಕಿಂತ ಸಂಶಯ ಹೆಚ್ಚಿರಲಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಲೆಕ್ಕವಿಲ್ಲದೆ ಹೊಟ್ಟೆಗೆ ಹೋದ ಸ್ಟೀರಾಯ್ಡ್ ಎಲುಬನ್ನು ಟೊಳ್ಳು ಮಾಡುತ್ತದೆ. ಸೊಂಟದ ಕೀಲಿನ ಗುಂಡು ರಕ್ತಸಂಚಾರವಿಲ್ಲದೆ ಸತ್ತು ಕುಸಿಯುವುದೂ ಉಂಟು.

ರೋಗವನ್ನು ಹದ್ದಿನಲ್ಲಿಡುವ ಮುಖ್ಯ ಮದ್ದು ಮೆಥೋಟ್ರೆಕ್ಸೇಟ್. ಇದರ ಹುಟ್ಟಿನಲ್ಲಿ ನಮ್ಮವರೊಬ್ಬರ ಕೈವಾಡವುಂಟು: ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅಮೇರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ 1940ರ ದಶಕದಲ್ಲಿ ಈ ಜಾತಿಯ ಔಷಧಿಗಳನ್ನು ತಯಾರಿಸಿತು. ಸಂಧಿವಾತಕ್ಕೆ ಅಲ್ಲಿನ ಸರಕಾರದ ಒಪ್ಪಿಗೆ ದೊರೆತದ್ದು 1988ರಲ್ಲಿ. ಒಂದು ಮಾತನ್ನು ಮಾತ್ರ ಗೋಡೆಯ ಮೇಲೆ ಬರೆದಿಡಿ: ಈ ಮಾತ್ರೆ ವಾರಕ್ಕೊಮ್ಮೆ, ದಿನಕ್ಕೊಮ್ಮೆ ಅಲ್ಲ. ದಿನವೂ ನುಂಗಿ ಪ್ರಾಣಕ್ಕೆ ಎರವಾದವರಿದ್ದಾರೆ. ಮಗು ಬೇಕೆನ್ನುವವರು ಡಾಕ್ಟರಿಗೆ ಮುಂಚಿತವಾಗಿ ತಿಳಿಸಿ ಇದನ್ನು ನಿಲ್ಲಿಸಲೇಬೇಕು.

ಮದ್ದು ತಡವಾಗಿ ಸಿಕ್ಕಿದವರಲ್ಲಿ, ಇಲ್ಲವೆ ಮದ್ದಿಗೆ ಬಗ್ಗದ ರೋಗದಲ್ಲಿ, ಕೀಲು ಕೆಟ್ಟೇ ಹೋಗುತ್ತದೆ. ಕೆಟ್ಟ ಕೀಲನ್ನು ಮದ್ದು ಮರಳಿ ಕಟ್ಟಲಾರದು. ಅಲ್ಲಿ ಬರುತ್ತದೆ ಶಸ್ತ್ರಚಿಕಿತ್ಸೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲುಗಳನ್ನು ಕೂಡಿಸಿ ನೋಡಿದರು. ಅವು ಕೆಲವೇ ವರ್ಷಗಳಲ್ಲಿ ಸವೆದುಹೋದವು. 1962ರಲ್ಲಿ ಪಾಲಿಥೀನಿನ ಗಟ್ಟಿ ಬಟ್ಟಲಿನೊಳಗೆ ಉಕ್ಕಿನ ಗುಂಡು ತಿರುಗುವ ಸೊಂಟದ ಕೀಲನ್ನು ಕೂಡಿಸಿದರು. ಇಂದಿನ ಕೀಲುಗಳು ಆ ಮನೆತನದವೇ. ಮೊಣಕಾಲಿನಲ್ಲಾದರೆ ತೊಡೆಯೆಲುಬಿನ ತುದಿಗೆ ಲೋಹದ ಟೊಪ್ಪಿ, ಕಾಲೆಲುಬಿನ ಮೇಲೆ ಲೋಹದ ತಟ್ಟೆ, ನಡುವೆ ಅದೇ ಪ್ಲಾಸ್ಟಿಕ್ಕು.

ಇನ್ನು ಪ್ರಾಯದ ಪ್ರಶ್ನೆ. ಕೃತಕ ಕೀಲು ಎಷ್ಟು ವರ್ಷ ಬಾಳುತ್ತದೆ? ಹೊರದೇಶಗಳ ದೊಡ್ಡ ದಾಖಲೆಪುಸ್ತಕಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 25 ವರ್ಷಗಳ ಮೇಲೂ ಉಳಿದ ಪೂರ್ಣ ಮೊಣಕಾಲು ಕೀಲುಗಳು ನೂರಕ್ಕೆ 82ರಷ್ಟು, ಸೊಂಟದವು 58ರಷ್ಟು. ಇವು ಬಹುಪಾಲು ಮುದಿಪ್ರಾಯದವರ ಕೀಲುಗಳೆಂಬುದನ್ನು ಮರೆಯಬಾರದು. ಬ್ರಿಟನ್ನಿನ ಇನ್ನೊಂದು ಲೆಕ್ಕದಲ್ಲಿ (2017), 70 ದಾಟಿ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ನೂರಕ್ಕೆ 5. ಐವತ್ತರ ಆರಂಭದಲ್ಲಿರುವ ಗಂಡಸರಿಗೆ 35ರ ತನಕ. ಹೆಂಗಸರಿಗೆ ಅದಕ್ಕಿಂತ ಕಡಮೆ. ಮೂವತ್ತೆಂಟರಲ್ಲಿ ಮಾಡಿಸಿಕೊಂಡವರು ಇನ್ನೊಮ್ಮೆ ಮೇಜಿನ ಮೇಲೆ ಮಲಗಬೇಕಾದೀತೆಂದೇ ಎಣಿಸಿಕೊಳ್ಳುವುದು ಲೇಸು. ಎರಡನೆಯ ಸಲ ಎಲುಬು ಕಡಮೆ, ಕೆಲಸ ಕಷ್ಟ, ಸೋಂಕಿನ ಭಯ ಹೆಚ್ಚು.

ಹಾಗಾದರೆ ಅರುವತ್ತರ ತನಕ ಹಲ್ಲುಕಚ್ಚಿ ಕುಳಿತಿರಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಕಾಯುವುದಕ್ಕೂ ಬೆಲೆಯುಂಟು. ಮಡಚಿದಲ್ಲಿ ನಿಂತ ಮೊಣಕಾಲಿನ ಸ್ನಾಯುಗಳು ಮೊಟಕಾಗುತ್ತವೆ, ತೊಡೆ ಬತ್ತುತ್ತದೆ, ಎಲುಬು ತೆಳುವಾಗುತ್ತದೆ. ಆಮೇಲೆ ಅತಿ ಉತ್ತಮ ಕೀಲನ್ನು ಕೂಡಿಸಿದರೂ ಕಾಲು ಪೂರ್ತಿ ನೆಟ್ಟಗಾಗದು. ಒಂದು ಕಾಲಿನ ಭಾರವನ್ನು ಇನ್ನೊಂದು ಹೊತ್ತು ಅದೂ ಕೆಡುತ್ತದೆ. ಮೂವತ್ತೆಂಟರಿಂದ ಅರುವತ್ತರ ವರೆಗಿನ ವರ್ಷಗಳೇ ಮಕ್ಕಳು ಬೆಳೆಯುವ, ತೋಟ ನೋಡಿಕೊಳ್ಳಬೇಕಾದ ವರ್ಷಗಳು ತಾನೆ? ಕೃತಕ ಸೊಂಟ ಹೆರಿಗೆಗೆ ಅಡ್ಡಿಯೆಂಬ ಹೆದರಿಕೆಯೂ ಬೇಡ. ಅದೊಂದೇ ಕಾರಣದಿಂದ ಸಹಜ ಹೆರಿಗೆ ತಪ್ಪುವುದಿಲ್ಲ. ನಿದ್ರೆ ಕೆಡಿಸುವ ನೋವು, ನಡೆಯಲಾಗದ ಸ್ಥಿತಿ, ಎಕ್ಸ್‌ರೇಯಲ್ಲಿ ಕೆಟ್ಟ ಕೀಲು, ಈ ಮೂರೂ ಕೂಡಿದಾಗ ಪ್ರಾಯವೊಂದನ್ನೇ ಹಿಡಿದು ತಡೆಯಬಾರದು.

ಈ ರೋಗಿಗಳಿಗೆ ಸಿದ್ಧತೆ ಮಾತ್ರ ಹೆಚ್ಚು ಬೇಕು. ಕುತ್ತಿಗೆಯ ಮೇಲ್ಗಡೆಯ ಎರಡು ಎಲುಬುಗಳ ಕಟ್ಟು ಸಡಿಲಾಗಿರಬಹುದು; ಅರಿವಳಿಕೆ ಕೊಡುವಾಗ ತಲೆ ಬಗ್ಗಿಸಿದರೆ ಅಪಾಯ. ಆದುದರಿಂದ ಕುತ್ತಿಗೆಯ ಎಕ್ಸ್‌ರೇ ತೆಗೆಸಿದ್ದೀರಾ ಎಂದು ನೀವೇ ಕೇಳಿ, ಸಂಕೋಚ ಬೇಡ. ಸೋಂಕಿನ ಭಯ ಇತರರಿಗಿಂತ ಹೆಚ್ಚಿರುವುದರಿಂದ ಹುಳುಕು ಹಲ್ಲು, ಕಾಲ್ಬೆರಳ ಸಂದಿನ ಹುಣ್ಣು ಮೊದಲೇ ವಾಸಿಯಾಗಲಿ, ಬೀಡಿ-ಸಿಗರೇಟು ಬಿಟ್ಟುಬಿಡಲಿ. ಮೆಥೋಟ್ರೆಕ್ಸೇಟನ್ನು ಶಸ್ತ್ರಚಿಕಿತ್ಸೆಗಾಗಿ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಜೈವಿಕ ಔಷಧಿಗಳ ಚುಚ್ಚುಮದ್ದಿಗೆ ಮಾತ್ರ ಬಿಡುವು ಕೊಡುತ್ತಾರೆ. ನಿತ್ಯದ ಸ್ಟೀರಾಯ್ಡನ್ನು ನೀವಾಗಿ ಬಿಡಲೇಬಾರದು. ಸೊಂಟ, ಮೊಣಕಾಲು ಎರಡೂ ಕೆಟ್ಟಿದ್ದರೆ ಹೆಚ್ಚಾಗಿ ಸೊಂಟ ಮೊದಲು. ಮಣಿಕಟ್ಟು ನೋಯುವವರು ಊರುಗೋಲನ್ನು ಹಿಡಿಯುವುದು ಹೇಗೆಂಬುದನ್ನೂ ಮುಂಚೆಯೇ ಯೋಚಿಸಬೇಕು. ಮುಂಗೈಯನ್ನೇ ಊರಿ ನಡೆಯುವ ಗೋಲುಗಳುಂಟು.

ಖರ್ಚಿನ ಮಾತು. ಮೊಣಕಾಲಿನ ಕೀಲುಗಳಿಗೆ ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ ಗರಿಷ್ಠ ಬೆಲೆ ಗೊತ್ತುಮಾಡಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಮ್ ಕೀಲಿಗೆ ಅಂದು ಗೊತ್ತಾದುದು ತೆರಿಗೆ ಬಿಟ್ಟು 54,720 ರೂಪಾಯಿ. 2018ರಲ್ಲಿ ತೊಡಗಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆಯುಂಟು. ಕೀಲು ಬದಲಿಯೂ ಅದರಲ್ಲಿ ಸೇರಿದೆ. ಮಂಗಳೂರಿಗೆ ಹೊರಡುವ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಬೇಕಾದ ಚೀಟಿಯನ್ನು ಪಡೆದುಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಮನೆಗೆ ಮರಳಿದ ಮೇಲೆ ಕೆಲವು ಅಭ್ಯಾಸಗಳು ಬದಲಾಗಬೇಕು. ಹೊಸ ಮೊಣಕಾಲು ನಡೆಯಲಿಕ್ಕೆ, ಮೆಟ್ಟಿಲು ಹತ್ತಲಿಕ್ಕೆ ಧಾರಾಳ ಸಾಕು. ಕುಕ್ಕರುಗಾಲಿನಲ್ಲಿ ಕೂರಲಿಕ್ಕೆ ಅಲ್ಲ. ಅಡಿಕೆ ಸುಲಿಯುವುದಾಗಲಿ, ಕಾಯಿ ಹೆರೆಯುವುದಾಗಲಿ ಎತ್ತರದ ಪೀಠದ ಮೇಲೆ ಕುಳಿತೇ ನಡೆಯಲಿ. ಪಂಕ್ತಿಯ ಊಟಕ್ಕೆ ಕುರ್ಚಿ ಕೇಳಲು ನಾಚಿಕೆ ಬೇಡ. ಕುರ್ಚಿಯಂತಹ ಪಾಯಿಖಾನೆಯನ್ನು ಆಸ್ಪತ್ರೆಗೆ ಹೋಗುವ ಮೊದಲೇ ಕಟ್ಟಿಸಿರಿ. ಬಂದ ಮೇಲೆ ನೋಡೋಣವೆಂದರೆ ಮೊದಲ ದಿನವೇ ಅದರ ಅಗತ್ಯ ಬೀಳುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ಸೋಗೆಯನ್ನಾದರೂ ಹಾಸಿ, ಹಿಡಿಯಲು ಒಂದು ಕಂಬಿ ಕಟ್ಟಿಸಿ. ಕೀಲು ಹೊಸದಾದರೂ ರೋಗ ಹಳೆಯದೇ ಉಳಿದಿದೆಯಾದ್ದರಿಂದ ವಾರದ ಮಾತ್ರೆ, ಮಧ್ಯೆ ಮಧ್ಯೆ ರಕ್ತಪರೀಕ್ಷೆ ಎರಡೂ ಮುಂದುವರಿಯಬೇಕು.