ಮಕ್ಕಳ ಕಥೆಯಲ್ಲಿ ಪಾಸ್ಖದ ಮುಂಜಾನೆ



ತಪಸ್ಸುಕಾಲದ ಒಂದು ಭಾನುವಾರ ಪೂಜೆ ಮುಗಿಸಿ ನಾವಿನ್ನೂ ಪೂಜಾವಸ್ತ್ರ ಕಳಚುತ್ತಿದ್ದೆವು. ಅಷ್ಟರಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಒಂದು ಪುಸ್ತಕ ಹಿಡಿದುಕೊಂಡು ಬಂದರು. "ಫಾದರ್, ಇದನ್ನು ಸ್ವಲ್ಪ ನೋಡಿ. ಮಗ ಶಾಲೆಯ ಲೈಬ್ರರಿಯಿಂದ ತಂದಿದ್ದಾನೆ. ಹೆಸರಲ್ಲೇ ಮಾಟಗಾತಿ ಇದ್ದಾಳೆ. ಜಪಸರಕ್ಕೆ ಕರೆದರೂ ಏಳದೆ ಇದನ್ನೇ ಓದ್ತಾ ಕೂತಿರ್ತಾನೆ" ಎಂದರು. ಅದು ಸಿ.ಎಸ್. ಲೂಯಿಸ್ ಅವರ 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್'. ಸಿಂಹ, ಮಾಟಗಾತಿ ಮತ್ತು ಬಟ್ಟೆಯ ಬೀರು ಎಂದರ್ಥ. ಗುರುಮಠದಲ್ಲಿದ್ದಾಗ ನಾವೂ ಅದನ್ನು ಓದಿದ್ದುಂಟು. ಆದರೆ ಆಗ ತತ್ವಶಾಸ್ತ್ರದ ಅಮಲು ತಲೆಗೇರಿತ್ತು. ಮಕ್ಕಳ ಕಥೆಯೆಂದು ಬದಿಗಿಟ್ಟಿದ್ದೆವು. "ಪಾಸ್ಖದವರೆಗೆ ನಮ್ಮ ಹತ್ತಿರ ಇರಲಮ್ಮ" ಎಂದು ಇಟ್ಟುಕೊಂಡು, ಎರಡು ರಾತ್ರಿಗಳಲ್ಲಿ ಮತ್ತೆ ಓದಿದೆವು.

ಆ ತಾಯಿಯ ಆತಂಕ ಸುಳ್ಳಲ್ಲ. ಕಣಿ, ಮಾಟಗಳಿಂದ ದೂರವಿರಬೇಕೆಂದು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಅದನ್ನೇ ಬೋಧಿಸುತ್ತದೆ. ಆದರೆ ಈ ಕಥೆಯಲ್ಲಿ ಮಾಟಗಾತಿಗೆ ಮೆಚ್ಚುಗೆಯಿಲ್ಲ. ನಾರ್ನಿಯಾ ಎಂಬ ನಾಡನ್ನು ಆಕೆ ಮುಗಿಯದ ಚಳಿಗಾಲದಲ್ಲಿ ಹೂತಿಟ್ಟಿದ್ದಾಳೆ. ಅಲ್ಲಿ ಕ್ರಿಸ್ತಜಯಂತಿ ಬರುವುದೇ ಇಲ್ಲ. ಎದುರಾಡಿದವರನ್ನು ಕಲ್ಲಾಗಿಸುತ್ತಾಳೆ. ಮಾಟ ಕಲಿಯಲು ಯಾವ ಮಗುವಿಗೂ ಇಲ್ಲಿ ಆಸೆ ಹುಟ್ಟದು.

ಲೂಯಿಸರು ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯವರು. 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ವಿಶ್ವಾಸ ಕಳೆದುಕೊಂಡು, ಬಹಳ ವರ್ಷ ದೇವರಿಲ್ಲವೆಂದೇ ಬಾಳಿದವರು. ಅವರು ಕ್ರಿಸ್ತರ ಬಳಿಗೆ ಬಂದುದರಲ್ಲಿ ಒಬ್ಬ ಕಥೋಲಿಕರ ಪಾಲು ದೊಡ್ಡದು. ಅವರೇ 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಜೆ.ಆರ್.ಆರ್. ಟೋಲ್ಕೀನ್. ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನೂ ಕಳೆದುಕೊಂಡ ಟೋಲ್ಕೀನರಿಗೆ ಪೋಷಕರಾಗಿ ನಿಂತವರು ಬರ್ಮಿಂಗ್‌ಹ್ಯಾಮ್‌ನ ಗುರುಗಳಾದ ಫಾದರ್ ಫ್ರಾನ್ಸಿಸ್ ಮಾರ್ಗನ್. ಒಬ್ಬ ಗುರುವಿನ ಆರೈಕೆ ಎಲ್ಲೆಲ್ಲಿಗೆ ಹೋಗಿ ಮುಟ್ಟಿತು ನೋಡಿ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಆಕ್ಸ್‌ಫರ್ಡಿನಲ್ಲಿ ಟೋಲ್ಕೀನ್ ಮತ್ತು ಹ್ಯೂಗೊ ಡೈಸನ್ ಎಂಬ ಇನ್ನೊಬ್ಬ ಗೆಳೆಯ ಲೂಯಿಸರೊಡನೆ ನಸುಕಿನ ಹೊತ್ತಿನವರೆಗೂ ಮಾತನಾಡಿದರು. ಸತ್ತು ಮರಳುವ ದೇವತೆಗಳ ಪುರಾಣಕಥೆಗಳು ನಿನ್ನ ಹೃದಯವನ್ನು ತಟ್ಟುತ್ತವೆ, ಯೇಸುವಿನ ಕಥೆಯೂ ಹಾಗೆಯೇ ತಟ್ಟಲಿ, ಆದರೆ ಇದು ನಿಜವಾಗಿ ನಡೆದದ್ದು ಎಂಬುದು ಅವರ ವಾದದ ತಿರುಳು. ಕೆಲವೇ ದಿನಗಳಲ್ಲಿ ಅಣ್ಣನ ಮೋಟಾರ್‌ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಕುಳಿತು ಮೃಗಾಲಯ ನೋಡಲು ಹೋಗುವ ದಾರಿಯಲ್ಲಿ, ಯೇಸು ದೇವರ ಪುತ್ರರೆಂಬ ವಿಶ್ವಾಸ ಲೂಯಿಸರಲ್ಲಿ ನೆಲೆಗೊಂಡಿತು. (ತಮಾಷೆಯೆಂದರೆ, ನಾರ್ನಿಯಾ ಕಥೆಗಳು ಟೋಲ್ಕೀನರಿಗೆ ಹಿಡಿಸಲೇ ಇಲ್ಲ!) 1950ರಿಂದ 1956ರವರೆಗೆ ಏಳು ನಾರ್ನಿಯಾ ಪುಸ್ತಕಗಳು ಬಂದವು, ಮೊದಲನೆಯದೇ ಈ ಪುಸ್ತಕ.

ಯುದ್ಧಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರನ್ನು ಹಳ್ಳಿಯ ಕಡೆಯ ಮನೆಯೊಂದಕ್ಕೆ ಕಳುಹಿಸಲಾಗುತ್ತದೆ. ಅಲ್ಲಿನ ಬೀರುವಿನೊಳಗಿಂದ ನಾರ್ನಿಯಾಕ್ಕೆ ದಾರಿ. ಎಡ್ಮಂಡನನ್ನು ಮಾಟಗಾತಿ ಬಲೆಗೆ ಹಾಕುವುದು ಟರ್ಕಿಶ್ ಡಿಲೈಟ್ ಎಂಬ ಮೆದುವಾದ ಸಿಹಿತಿಂಡಿಯಿಂದ. ಇದೇನು ಇಷ್ಟು ಸಣ್ಣ ಆಮಿಷ ಎನ್ನಬೇಡಿ. ಬ್ರಿಟನ್ನಿನಲ್ಲಿ 1942ರಲ್ಲಿ ಸಿಹಿತಿಂಡಿಗೆ ಪಡಿತರ ಬಂದಿತ್ತು, ಅದು ಪೂರ್ತಿ ತೊಲಗಿದ್ದು 1953ರಲ್ಲಿ. ಈ ಪುಸ್ತಕ ಹೊರಬಂದ ವರ್ಷವೂ ಅಲ್ಲಿನ ಮಕ್ಕಳು ಲೆಕ್ಕ ಹಾಕಿ ಮಿಠಾಯಿ ತಿನ್ನುತ್ತಿದ್ದರು. ಆ ತಿಂಡಿಯ ಗುಣವೆಂದರೆ, ತಿಂದಷ್ಟೂ ಇನ್ನೂ ಬೇಕೆನಿಸುತ್ತದೆ, ತೃಪ್ತಿಯಾಗುವುದಿಲ್ಲ. ಪಾಪದ ಸ್ವರೂಪದ ಬಗ್ಗೆ ನಾವು ಜ್ಞಾನೋಪದೇಶ ತರಗತಿಯಲ್ಲಿ ಅರ್ಧ ಗಂಟೆ ಹೇಳುವುದನ್ನು ಲೂಯಿಸರು ಒಂದು ಡಬ್ಬಿ ಮಿಠಾಯಿಯಲ್ಲಿ ಹೇಳಿ ಮುಗಿಸಿದ್ದಾರೆ.

ಎಡ್ಮಂಡನ ಮೊದಲ ತಪ್ಪು ದ್ರೋಹವಲ್ಲ, ಒಂದು ಚಿಕ್ಕ ಸುಳ್ಳು. ತಾನೂ ಆ ನಾಡನ್ನು ಕಂಡಿದ್ದರೂ ತಂಗಿ ಲೂಸಿಯ ಮಾತು ಬರೀ ಆಟವೆಂದು ಅಣ್ಣ ಅಕ್ಕನ ಮುಂದೆ ಆಕೆಯನ್ನು ಸುಳ್ಳಿಯಾಗಿಸುತ್ತಾನೆ. ಅಲ್ಲಿಂದ ಒಡಹುಟ್ಟಿದವರನ್ನೇ ಮಾಟಗಾತಿಗೆ ಒಪ್ಪಿಸಲು ಹೊರಡುವಷ್ಟು ದೂರ ಹೋಗುತ್ತಾನೆ. ಅವನ ಮನಪರಿವರ್ತನೆ ಎಲ್ಲಿ ತೊಡಗುತ್ತದೆ ಗಮನಿಸಿ. ಹಬ್ಬದ ಊಟಕ್ಕೆ ಕುಳಿತ ಪುಟ್ಟ ಪ್ರಾಣಿಗಳನ್ನು ಆಕೆ ಕಲ್ಲಾಗಿಸಿದಾಗ, ಕಥೆಯಲ್ಲಿ ಮೊದಲ ಬಾರಿಗೆ ಅವನು ತನಗಾಗಿ ಅಲ್ಲದೆ ಇನ್ನೊಬ್ಬರಿಗಾಗಿ ಮರುಗುತ್ತಾನೆ.

ದ್ರೋಹಿಯ ಪ್ರಾಣ ತನಗೆ ಸೇರಬೇಕೆಂದು ಮಾಟಗಾತಿ ಹಕ್ಕು ಸಾಧಿಸುತ್ತಾಳೆ. ಅಸ್ಲಾನ್ ಎಂಬ ಸಿಂಹರಾಜನು (ಟರ್ಕಿ ಭಾಷೆಯಲ್ಲಿ ಆ ಪದಕ್ಕೆ ಸಿಂಹವೆಂದೇ ಅರ್ಥ) ಅವನ ಬದಲಿಗೆ ತನ್ನನ್ನೇ ಒಪ್ಪಿಸುತ್ತಾನೆ. ರಾತ್ರಿಯಲ್ಲಿ ಅವನು ಭಾರವಾದ ಹೆಜ್ಜೆಯಿಟ್ಟು ನಡೆಯುವಾಗ ಸೂಸನ್ ಮತ್ತು ಲೂಸಿ ಜೊತೆಗೆ ಹೋಗುತ್ತಾರೆ. ಗೆತ್ಸೆಮನಿಯಲ್ಲಿ ನಿದ್ದೆ ಹೋದ ಶಿಷ್ಯರಿಗಿಂತ ಈ ಹುಡುಗಿಯರೇ ಮೇಲು ಎನಿಸಿತು ನಮಗೆ. ಅವನ ಕೇಸರ ಬೋಳಿಸುತ್ತಾರೆ, ಬಾಯಿಗೆ ಕುಕ್ಕೆ ಹಾಕುತ್ತಾರೆ, ಹಾಸ್ಯಮಾಡಿ ಕಲ್ಲಿನ ಮೇಜಿನ ಮೇಲೆ ಕೊಲ್ಲುತ್ತಾರೆ. ಬೆಳಕು ಹರಿಯುವಾಗ ಆ ಮೇಜು ದೊಡ್ಡ ಸದ್ದಿನೊಡನೆ ಎರಡಾಗಿ ಸೀಳುತ್ತದೆ. ಅಸ್ಲಾನ್ ಜೀವಂತ ನಿಂತಿರುತ್ತಾನೆ. ಮಹಾದೇವಾಲಯದ ತೆರೆ ಹರಿದದ್ದನ್ನೂ, ನಸುಕಿನಲ್ಲಿ ಸಮಾಧಿಗೆ ಹೋದ ಸ್ತ್ರೀಯರನ್ನೂ ನೆನೆಯದೆ ಇದನ್ನು ಓದುವುದು ಕಷ್ಟ. ಮುಂದೆ ಅವನು ಮಾಟಗಾತಿಯ ಕೋಟೆಗೆ ಹೋಗಿ ಕಲ್ಲಾದವರ ಮೇಲೆ ಉಸಿರೂದಿ ಬದುಕಿಸುತ್ತಾನೆ. ಯೇಸು ಪಾತಾಳಕ್ಕಿಳಿದರೆಂದು ಪ್ರೇಷಿತರ ವಿಶ್ವಾಸ ಸಂಗ್ರಹದಲ್ಲಿ ನಾವು ಓಡಿಸಿಕೊಂಡು ಹೇಳಿಬಿಡುವ ಮಾತಿದೆಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾವು ಕಂಡಿಲ್ಲ.

ಒಂದು ಎಚ್ಚರಿಕೆ. ಪಾಪಿಯ ಮೇಲೆ ಸೈತಾನನಿಗೆ ನ್ಯಾಯವಾದ ಹಕ್ಕಿದೆ ಎಂದು ಮಕ್ಕಳು ಈ ಕಥೆಯಿಂದ ತಿಳಿದಾರು. ಹಳೆಯ ಕೆಲವು ಸಭಾಪಿತೃಗಳ ಬರಹಗಳಲ್ಲಿ ಆ ಛಾಯೆ ಇದೆ. ಅಂಥ ಹಕ್ಕೇನೂ ಇಲ್ಲವೆಂದು ಹನ್ನೊಂದನೆಯ ಶತಮಾನದಲ್ಲೇ ಸಂತ ಆನ್ಸೆಲ್ಮರು ವಾದಿಸಿದರು. ಅಲ್ಲದೆ ಅಸ್ಲಾನ್ ಸಾಯುವುದು ಒಬ್ಬ ಹುಡುಗನಿಗಾಗಿ, ಯೇಸುಸ್ವಾಮಿ ಪ್ರಾಣ ಕೊಟ್ಟದ್ದು ಸರ್ವರಿಗಾಗಿ. ಮಗುವಿನೊಡನೆ ಕುಳಿತು ಓದುವ ತಂದೆತಾಯಿ ಇಷ್ಟನ್ನು ಹೇಳಿದರೆ ಸಾಕು.

ಪಾಸ್ಖ ಜಾಗರಣೆಯ ಪ್ರಸಂಗದಲ್ಲಿ ನಾವು ಈ ಕಥೆಯ ಇನ್ನೊಂದು ಭಾಗ ಹೇಳಿದೆವು. ಯುದ್ಧ ಮುಗಿದಿದೆ. ಎಡ್ಮಂಡ್ ಧೈರ್ಯದಿಂದ ಹೋರಾಡಿ, ಸಾಯುವಷ್ಟು ಗಾಯಗೊಂಡು, ಗುಣವಾಗಿದ್ದಾನೆ. ಅಸ್ಲಾನ್ ತನಗಾಗಿ ಏನು ಮಾಡಿದನೆಂದು ಇವನಿಗೆ ಗೊತ್ತೇ ಎಂದು ಲೂಸಿ ಅಕ್ಕನನ್ನು ಮೆಲ್ಲಗೆ ಕೇಳುತ್ತಾಳೆ. ಗೊತ್ತಿಲ್ಲ, ಹೇಳುವುದೂ ಬೇಡ, ತಿಳಿದರೆ ಅವನಿಗೆ ತಡೆಯಲಾಗದು ಎಂಬುದು ಸೂಸನಳ ಅಭಿಪ್ರಾಯ. ತಿಳಿಯಲೇಬೇಕೆಂಬುದು ಲೂಸಿಯ ಹಟ. ಅಷ್ಟರಲ್ಲಿ ಯಾರೋ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಲೂಯಿಸರು ಉತ್ತರ ಕೊಡುವುದಿಲ್ಲ.

ಮರುದಿನ ಆ ತಾಯಿ ಪುಸ್ತಕ ಒಯ್ಯಲು ಬಂದರು. ಬಾಗಿಲಲ್ಲೇ ನಿಂತು, "ಫಾದರ್, ನಿನ್ನೆ ರಾತ್ರಿ ಹೇಳಿದಿರಲ್ಲ…" ಎಂದು ತೊಡಗಿ ಸುಮ್ಮನಾದರು. ಆಮೇಲೆ ಹೇಳಿದರು. ಗಂಡ ತೀರಿಕೊಂಡ ವರ್ಷ ದೊಡ್ಡ ಮಗಳು ಕಾಲೇಜು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದಳು. ತಮ್ಮನ ಶಾಲೆಯ ಫೀಸು ಅವಳ ಸಂಬಳದಿಂದ. ಓದಲು ಮನಸ್ಸಿರಲಿಲ್ಲ, ಅದಕ್ಕೇ ಬಿಟ್ಟೆ ಎಂದು ತಮ್ಮನಿಗೆ ಅವಳೇ ಹೇಳಿದ್ದಾಳೆ. ಅವನು ಅದನ್ನೇ ಹಿಡಿದು ಅವಳನ್ನು ದಡ್ಡಿ ಎಂದು ಹಂಗಿಸುತ್ತಾನೆ.

"ಅವನಿಗೆ ಹೇಳ್ಬೇಕಾ ಫಾದರ್? ಹೇಳಿದ್ರೆ ಅವಳು ಬೇಜಾರು ಮಾಡ್ಕೋತಾಳೆ. ಹೇಳದಿದ್ರೆ ಇವನು ಹೀಗೇ ಬೆಳೀತಾನೆ."

ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಮೊದಲು ಮಗಳನ್ನೇ ಕೇಳಿ ನೋಡಮ್ಮ, ಅವಳು ಒಪ್ಪಿದರೆ ಮೂವರೂ ಕುಳಿತು ಮಾತಾಡಿ ಎಂದೆವು. ಆಕೆ ಪುಸ್ತಕವನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡರು. ಆ ಇಬ್ಬರು ಹುಡುಗಿಯರು ಮಾತಾಡುವುದು ಯಾವ ಪುಟದಲ್ಲಿದೆಯೆಂದು ಕೇಳಿದರು. ನಾವು ಅಲ್ಲಿ ಒಂದು ಪಾಸ್ಖ ಕಾರ್ಡನ್ನು ಗುರುತಿಗೆ ಇಟ್ಟುಕೊಟ್ಟೆವು.