ಕ್ರೈಸ್ತ ದಂಪತಿಗಳು ಮತ್ತು ಕುಟುಂಬ ಯೋಜನೆ

ಕ್ರೈಸ್ತ ಧರ್ಮ ಕುಟುಂಬ ಯೋಜನೆಯನ್ನೇ ಒಪ್ಪುವುದಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. 1930ರಲ್ಲಿ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ ಷರತ್ತುಗಳೊಡನೆ ಇದಕ್ಕೆ ಅನುಮತಿ ನೀಡಿತು. ಇಂದು ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳು ವಿಧಾನದ ಆಯ್ಕೆಯನ್ನು ದಂಪತಿಗಳಿಗೇ ಬಿಟ್ಟಿವೆ.

ಕಥೋಲಿಕ ಧರ್ಮಸಭೆಯ ನಿಲುವು ಬೇರೆ. ಪೋಪ್ ಆರನೆಯ ಪೌಲರ 1968ರ ‘ಹ್ಯೂಮಾನೆ ವಿಟೆ’ ಪತ್ರ ಕೃತಕ ವಿಧಾನಗಳನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ನಿಷೇಧಿಸಿದೆ. ಆದರೆ ತಕ್ಕ ಕಾರಣವಿದ್ದರೆ, ಗರ್ಭ ನಿಲ್ಲುವ ದಿನಗಳಲ್ಲಿ ದೂರವಿರುವುದನ್ನು ಒಪ್ಪಿದೆ.

ಆ ದಿನಗಳು ಯಾವುವು? ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಸ್ತ್ರೀದೇಹದಲ್ಲಿ 5 ದಿನಗಳವರೆಗೆ. ಬಿಳಿಸ್ರಾವ ಹಸಿ ಮೊಟ್ಟೆಯ ಲೋಳೆಯಂತೆ ತೆಳುವಾಗಿ ಜಾರುವಾಗ ಗರ್ಭ ನಿಲ್ಲುವ ಸಂಭವ ಹೆಚ್ಚು. ಬರೀ ಕ್ಯಾಲೆಂಡರ್ ನೋಡಿ ಎಣಿಸಬೇಡಿ, ಬಲ್ಲವರಿಂದ ಕಲಿಯಿರಿ. ಮುಟ್ಟು ಏರುಪೇರಾಗುವವರಿಗೆ ಮತ್ತು ಬಾಣಂತಿಯರಿಗೆ ಲೆಕ್ಕ ತಪ್ಪಬಹುದು. ಗಂಡನ ಸಹಕಾರವಂತೂ ಬೇಕೇ ಬೇಕು.

ಇನ್ನೊಂದು ಮುಖ್ಯ ವಿಷಯ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರಿಗೆ ವೈದ್ಯರು ಇದೇ ಹಾರ್ಮೋನ್ ಗುಳಿಗೆಗಳನ್ನು ಕೊಡುವುದುಂಟು. ಪಾಪವೆಂದು ಹೆದರಿ ಅವನ್ನು ಬಿಟ್ಟು ರಕ್ತಹೀನತೆ ತಂದುಕೊಳ್ಳಬೇಡಿ. ಕಾಯಿಲೆಗೆ ಅಗತ್ಯವಾದ ಚಿಕಿತ್ಸೆಗೆ ಆ ಪತ್ರದಲ್ಲೇ ಒಪ್ಪಿಗೆಯಿದೆ.

ಹೃದ್ರೋಗದಂಥ ತೊಂದರೆಯಿದ್ದು ಇನ್ನೊಂದು ಬಸಿರು ತಾಯಿಯ ಜೀವಕ್ಕೇ ಅಪಾಯವೆನಿಸಿದರೆ, ಸಹಜ ವಿಧಾನವೂ ಕೈಕೊಡಬಹುದೆಂಬುದು ನೆನಪಿರಲಿ. ವೈದ್ಯರಲ್ಲಿ ನಿಮ್ಮ ನಂಬಿಕೆಯನ್ನು, ಗುರುಗಳಲ್ಲಿ ನಿಮ್ಮ ಕಾಯಿಲೆಯನ್ನು ಮುಚ್ಚಿಡಬೇಡಿ. ಹೋಗುವಾಗ ಗಂಡ ಹೆಂಡತಿ ಇಬ್ಬರೂ ಹೋಗಿ.