ಮೀನಿನ ಬುಟ್ಟಿಯಿಂದ ಸಿಕ್ಕಿದ ಗುರುತು

ಮೀನು ಹಸನು ಮಾಡುವಾಗ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಸಾಡುತ್ತೇವೆ ಅನ್ನೋದರಿಂದ ನಾವು ಯಾರ ಪೈಕಿ ಅಂತ ತಿಳಿದೀತೇ? ಕೊಂಕಣ ತೀರದ ಬೆನೆ ಇಸ್ರೇಲಿ ಯಹೂದ್ಯರ ಪಾಲಿಗೆ ಹಾಗೇ ಆಯಿತಂತೆ.

ಇವರ ಹಿರಿಯರ ಹಡಗು ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರು ಎನ್ನುತ್ತದೆ ಅವರ ಐತಿಹ್ಯ. ಧರ್ಮಗ್ರಂಥಗಳೆಲ್ಲ ನೀರುಪಾಲು. ಮರಾಠಿ ಕಲಿತರು, ಸೀರೆ ಉಟ್ಟರು, ಎಣ್ಣೆ ಗಾಣ ಹಿಡಿದರು. ಪೇಣದವರು ಪೇಣಕರ್ ಆದರು. ಆದರೆ ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಊರವರ ಬಾಯಲ್ಲಿ ಅವರು ‘ಶನಿವಾರ್ ತೇಲಿ’ಗಳು. ತಾವು ಯಾರೆಂಬುದು ಅರ್ಧಂಬರ್ಧ ನೆನಪು ಅಷ್ಟೆ.

ಮುಂದೊಂದು ದಿನ ದಾವೀದ್ ರಹಾಬಿ ಎಂಬ ಹೊರಗಿನ ಯಹೂದಿ ಬಂದ. ಇವರು ನಮ್ಮವರೇ ಹೌದೋ ಅಲ್ಲವೋ ಅಂತ ಅವನಿಗೆ ಅನುಮಾನ. ಗಂಡಸರನ್ನು ಕೂರಿಸಿ ಮಂತ್ರ ಕೇಳಲಿಲ್ಲ, ನೋಡಿ. ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಿ ಎಂದ. ಅವರು ರೆಕ್ಕೆ, ಹುರುಪೆ ಎರಡೂ ಇಲ್ಲದ ಮೀನನ್ನೆಲ್ಲ ಆರಿಸಿ ಬದಿಗಿಟ್ಟರು. ಯಹೂದ್ಯರ ಶಾಸ್ತ್ರವೂ ಅದನ್ನೇ ಹೇಳುವುದು! ಗ್ರಂಥ ಮುಳುಗಿದರೂ ಅತ್ತೆಯಿಂದ ಸೊಸೆಗೆ ಬಂದದ್ದು ಮುಳುಗಿರಲಿಲ್ಲ.

ಮುಂಬಯಿಯಲ್ಲಿ ಇವರ ಮೊದಲ ಸಿನಗಾಗ್ ಆದದ್ದು 1796ರಲ್ಲಿ. ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್, ಕಂಪನಿ ಸೈನ್ಯದಲ್ಲಿದ್ದವರು. ನಮ್ಮ ಮೈಸೂರಿನ ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾದರೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರಂತೆ. ಅಲ್ಲಿಂದ ಕೂಡಿ ಪ್ರಾರ್ಥಿಸಲು ಒಂದು ಜಾಗವಾಯಿತು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಹಳೇ ಪದ್ಧತಿಯಲ್ಲಿ ಹೆಂಗಸರು ಲೆಕ್ಕಕ್ಕಿಲ್ಲ. ಮೀನಿನ ಪರೀಕ್ಷೆ ಪಾಸು ಮಾಡಿದವರು ಯಾರಪ್ಪಾ ಅಂತ ಕೇಳೋಣ ಅನಿಸುತ್ತೆ ನನಗೆ!

1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಸಾವಿರಾರು ಜನ ಅಲ್ಲಿಗೆ ಹೋದರು. ತಮ್ಮವರ ನಡುವೆ ಸೇರಿಬಿಟ್ಟೆವು ಎಂದುಕೊಂಡರೆ, ಅಲ್ಲಿನ ಧರ್ಮಗುರುಗಳು ಮದುವೆಯ ಮಾತು ಬಂದಾಗ ಇವರ ವಂಶಾವಳಿ ವಿಚಾರಿಸಬೇಕು ಅಂದರು. ಹೆಣ್ಣು ತರುವಾಗ, ಕೊಡುವಾಗ ಅಂಥ ಮಾತು ಕೇಳಿಸಿಕೊಳ್ಳುವ ಸಂಕಟ ನಮಗೆ ತಿಳಿಯದ್ದೇ? ಇವರು ಬೀದಿಗಿಳಿದು ಪ್ರತಿಭಟಿಸಿದರು. ಕಡೆಗೆ 1964ರಲ್ಲಿ, ಎಲ್ಲ ರೀತಿಯಲ್ಲೂ ಇವರು ಯಹೂದ್ಯರೇ ಎಂದು ಒಪ್ಪಬೇಕಾಯಿತು.

ಊರಲ್ಲಿ ಉಳಿದವರಿಗೆ ಬೇರೆ ಕಷ್ಟ. ಕೊಂಕಣದ ಕೆಲವು ಕಡೆ ಸಿನಗಾಗ್ ಇದೆ, ಹತ್ತು ಜನ ಸಿಗುವುದೇ ಪ್ರಯಾಸ.

‘ಮಲೀದಾ’ಕ್ಕೆ ಮಾತ್ರ ಮನೆಯೇ ಸಾಕು. ಮದುವೆ, ಗೃಹಪ್ರವೇಶ, ಹರಕೆ ತೀರಿದ್ದು, ಇಂಥ ಸಂದರ್ಭದಲ್ಲಿ ಪ್ರವಾದಿ ಎಲಿಯಾಹುವನ್ನು ನೆನೆದು ಮಾಡುವ ನೈವೇದ್ಯ. ಅವಲಕ್ಕಿ ತೊಳೆದು ಬಸಿದು, ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಹಣ್ಣು ಜೋಡಿಸುತ್ತಾರೆ. ನಮ್ಮ ಸಿಹಿ ಅವಲಕ್ಕಿಯೇ ಅನ್ನಿ. ಇಸ್ರೇಲಿಗೆ ಹೋದವರು ಅಲ್ಲೂ ಇದನ್ನು ಬಿಟ್ಟಿಲ್ಲ. ಪ್ರಾರ್ಥನೆ ಮುಗಿಸಿ, ಸೇರಿದವರಿಗೆಲ್ಲ ಹಂಚಿ ತಿನ್ನುತ್ತಾರೆ.